ನೊರೆ ನಿಲ್ಲುವಷ್ಟು ಹೊತ್ತು

ಬಹಳ ಹಿಂದೆ, ಮೋಡಗಳು ಬೆಟ್ಟ ಹತ್ತಲು ಸೋಮಾರಿತನಪಟ್ಟು ಹೊಲದಲ್ಲೇ ಮಲಗಿಬಿಡುತ್ತಿದ್ದ ಕಾಲದಲ್ಲಿ, ನೊರೆನಾಡು ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದಲ್ಲಿ ಮನೆಮನೆಯಲ್ಲೂ ಹೆಂಡ ಮಾಡುತ್ತಿದ್ದರು. ಈಚಲಿನದಲ್ಲ, ತೆಂಗಿನದಲ್ಲ, ಕಾಳಿನ ಹೆಂಡ. ಜವೆಗೋಧಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಒರಟಾಗಿ ಕುಟ್ಟಿ, ಬಿಸಿನೀರಿನಲ್ಲಿ ಕದಡಿ ಮಧ್ಯಾಹ್ನವೆಲ್ಲ ಮುಚ್ಚಿಡುತ್ತಿದ್ದರು. ಆಮೇಲೆ ಸೋಸಿ, ಕುದಿಸಿ, ಆರಿಸಿ, ಹುದುಗು ಹಾಕಿ ಮಡಕೆಯ ಬಾಯಿ ಬಿಗಿಯುತ್ತಿದ್ದರು. ಕೆಲವು ದಿನ ಕಳೆದು ಬಾಯಿ ಬಿಚ್ಚಿ ಬಟ್ಟಲಿಗೆ ಸುರಿದರೆ ಮೇಲೆ ಬೆಳ್ಳಗೆ ನೊರೆ ಏಳುತ್ತಿತ್ತು. ಆ ರಾಜ್ಯದ ನ್ಯಾಯವೆಲ್ಲ ಆ ನೊರೆಯ ಮೇಲೇ ನಿಂತಿತ್ತು ಎಂದರೆ ನೀವು ನಗಬಾರದು.

ಅಲ್ಲಿನ ಕಟ್ಟಳೆ ಹಾಗಿತ್ತು. ದೊರೆಗೆ ದೂರು ಹೇಳಿಕೊಳ್ಳುವವರು ತಮ್ಮ ಮನೆಯ ಹೆಂಡ ತಂದು ಅರಮನೆಯ ಬೆಳ್ಳಿ ಬಟ್ಟಲಿಗೆ ಸುರಿಯಬೇಕು. ನೊರೆ ನಿಂತಿರುವಷ್ಟು ಹೊತ್ತು ದೊರೆ ಕೇಳಲೇಬೇಕು, ಯಾರೂ ನಡುವೆ ಬಾಯಿ ಹಾಕುವಂತಿಲ್ಲ. ನೊರೆ ಇಳಿಯಿತೋ, ಮಾತು ಮುಗಿಯಿತು. ಅರ್ಧ ಪದ ನಾಲಿಗೆಯ ಮೇಲಿದ್ದರೂ ನುಂಗಿಕೊಂಡು ಮನೆಗೆ ಹೋಗಬೇಕು. ಈಗಿನ ದೊರೆಯ ಮುತ್ತಜ್ಜ ಇದನ್ನು ಮಾಡಿದ್ದು. ಆತ ಜನರ ದೂರು ಕೇಳುತ್ತ ಕೇಳುತ್ತ ನಿದ್ದೆ ಹೋಗಿ ಸಿಂಹಾಸನದಿಂದ ಮೂರು ಸಲ ಬಿದ್ದಿದ್ದನಂತೆ. ಉಳಿದ ಹೊತ್ತಿನಲ್ಲಿ ದೊರೆಯ ಕಿವಿಗೆ ಬೂರುಗದ ಹತ್ತಿ ಇಟ್ಟಿರುತ್ತಿದ್ದರು. ಬಟ್ಟಲಲ್ಲಿ ನೊರೆ ಎದ್ದಾಗ ಮಾತ್ರ ಅದನ್ನು ತೆಗೆಯುತ್ತಿದ್ದರು.

ಈ ರಾಜ್ಯದ ಕೆರೆಕೋಡಿ ಎಂಬ ಊರಿನಲ್ಲಿ ಕೇತಲೆ ಎಂಬ ಹೆಣ್ಣುಮಗಳಿದ್ದಳು. ಗಂಡ ತೀರಿಹೋಗಿ ನಾಲ್ಕು ವರ್ಷ. ಮನೆಯಲ್ಲಿ ಅವಳು ಮತ್ತು ಅವಳ ಅತ್ತೆ ಮಾಚವ್ವ, ಇಬ್ಬರೇ. ಮಾಚವ್ವನ ಹೆಂಡವೆಂದರೆ ಸುತ್ತ ಏಳೂರಿಗೂ ಹೆಸರು. ಕೇತಲೆಯ ಹೆಂಡವೆಂದರೆ ಮಾಚವ್ವನಿಗೆ ತಲೆನೋವು.

"ನಿನ್ನ ಹೆಂಡಕ್ಕೆ ಮೈಯೇ ಇಲ್ವಲ್ಲೇ ಕೇತಿ," ಎನ್ನುತ್ತಿದ್ದಳು ಮಾಚವ್ವ, ಒಂದು ಗುಟುಕು ಬಾಯಲ್ಲಿಟ್ಟುಕೊಂಡು. "ನಾಲಿಗೆ ಮೇಲೆ ನಿಲ್ಲೋದೇ ಇಲ್ಲ. ಬಾವಿ ನೀರಿಗೆ ಬಣ್ಣ ಹಾಕಿದಂಗೈತೆ."

ಕೇತಲೆ ಬಾಯಿ ಬಿಡುತ್ತಿರಲಿಲ್ಲ. ಪಾತ್ರೆಗಳನ್ನು ಒಂದರ ಮೇಲೊಂದು ಕುಕ್ಕಿ ಉತ್ತರ ಕೊಡುತ್ತಿದ್ದಳು. ಹೀಗೆ ಇಬ್ಬರಿಗೂ ಬೇಸರವಿಲ್ಲದೆ ದಿನ ಹೋಗುತ್ತಿತ್ತು.

ಆ ವರ್ಷ ಯುಗಾದಿಗೆ ಮಾಚವ್ವ ಮನೆಯಲ್ಲಿದ್ದ ಕೊನೆಯ ಮಡಕೆ ಹೆಂಡವನ್ನು ಹೊತ್ತುಕೊಂಡು ಅರಮನೆಗೆ ಹಬ್ಬದ ಕಾಣಿಕೆ ಕೊಟ್ಟುಬರಲು ಹೋದಳು. ಅವಳು ವಾಪಸು ಬಂದು ಹೊಸ್ತಿಲ ಮೇಲೆ ನಿಂತಾಗ ಅವಳ ಮೈಯೊಳಗಿಂದಲೇ ಅಂಗಳದ ಆಚೆಯ ಹುಣಸೆಮರ ಕಾಣುತ್ತಿತ್ತು.

"ಏನತ್ತೆ ಇದು," ಎಂದಳು ಕೇತಲೆ. ಕೈ ಹಿಡಿಯಲು ಹೋದರೆ ಬೆರಳಿಗೆ ತಣ್ಣಗೆ ಏನೋ ತಾಕಿತು, ಅಷ್ಟೇ.

"ಮೈ ಹೋಯ್ತು ಕಣೇ," ಎಂದಳು ಮಾಚವ್ವ. ದನಿ ಮಾತ್ರ ಹಾಗೇ ಇತ್ತು. "ಉಗ್ರಾಣದಲ್ಲಿ ಮಂತ್ರಿ ನುಣ್ಣಪ್ಪಯ್ಯ ನಿಂತಿದ್ದ. ಕೈಯಲ್ಲಿ ಚಿನ್ನದ ಸೌಟು. ಕಾವಲವನು ಕಂಬಕ್ಕೊರಗಿ ತೂಕಡಿಸ್ತಿದ್ದ. ಅವನ ನೆರಳಿನ ಮೇಲೆ ಸೌಟು ಆಡಿಸಿ, ಹಾಲಿನ ಕೆನೆ ತೆಗೆದಂಗೆ ತೆಗೆದು ಭರಣಿಗೆ ಹಾಕ್ತಿದ್ದ. ತಿರುಗಿ ನನ್ನ ನೋಡಿದ. ನೆತ್ತಿ ಮೇಲೆ ಸೌಟು ಇಟ್ಟ. ನನ್ನ ಮೈಯೆಲ್ಲ ಕೆನೆ ಥರ ಎದ್ದು ಸೌಟಿಗೆ ಬಂತು. ಭರಣಿಗೆ ಹಾಕಿ ಬಾಯಿಗೆ ಬಟ್ಟೆ ಕಟ್ಟಿಬಿಟ್ಟ."

ನುಣ್ಣಪ್ಪಯ್ಯ ಆ ರಾಜ್ಯಕ್ಕೆ ಬಂದು ಏಳು ವರ್ಷವಾಗಿತ್ತು. ಆ ಏಳು ವರ್ಷದಿಂದ ಅಲ್ಲಿ ಹಾಲಿಗೆ ಕೆನೆ ಕಟ್ಟುತ್ತಿರಲಿಲ್ಲ, ಗಂಜಿ ಎಷ್ಟು ಕಾಯಿಸಿದರೂ ಗಟ್ಟಿಯಾಗುತ್ತಿರಲಿಲ್ಲ, ಮಟಮಟ ಮಧ್ಯಾಹ್ನದಲ್ಲೂ ಜನರ ನೆರಳು ಮಸುಕಾಗಿ ಬೀಳುತ್ತಿತ್ತು. ಜನ ಹವೆ ಸರಿಯಿಲ್ಲ ಎಂದುಕೊಂಡು ಸುಮ್ಮನಿದ್ದರು. ಅವನು ಮಾಟಗಾರನೆಂದು, ಮುನ್ನೂರು ವರ್ಷದಿಂದ ಕಂಡವರ ಗಟ್ಟಿತನವನ್ನು ತಿಂದು ಬದುಕಿದವನೆಂದು ಯಾರಿಗೂ ತಿಳಿದಿರಲಿಲ್ಲ.

ಆದರೆ ಮಾಟಕ್ಕೊಂದು ಗುಣವಿದೆ. ಅದು ನೊರೆನಾಡಿನ ಹಸುಗೂಸಿಗೂ ಗೊತ್ತು. ಮಾಟ ನಡೆದ ಬಗೆಯನ್ನು ಮೊದಲಿನಿಂದ ಕೊನೆಯವರೆಗೆ, ನಡುವೆ ತುಂಡಾಗದಂತೆ, ದೊರೆಯ ಕಿವಿಗೆ ಹಾಕಿದರೆ ಅದು ಒಡೆದುಹೋಗುತ್ತದೆ. ಅರ್ಧ ಹೇಳಿದರೆ ಒಂದು ಕೂದಲೂ ಅಲುಗುವುದಿಲ್ಲ.

ದೊರೆ ದೂರು ಕೇಳುತ್ತಿದ್ದುದು ಹುಣ್ಣಿಮೆಯ ದಿನ ಬೆಳಗ್ಗೆ. ಒಂದು ಮನೆಗೆ ವರ್ಷದಲ್ಲಿ ಮೂರೇ ಸರದಿ; ಇವರ ಮನೆಗೆ ಬಂದದ್ದು ಚೈತ್ರ, ವೈಶಾಖ, ಜ್ಯೇಷ್ಠ. ಅದು ಮುಗಿದರೆ ಆಷಾಢ. ಆಷಾಢದಲ್ಲಿ ಆ ನಾಡಿನಲ್ಲಿ ಬೀಸುವ ಗಾಳಿಗೆ ಹಂಚೇ ನಿಲ್ಲುವುದಿಲ್ಲ, ಇನ್ನು ದಿನದಿನಕ್ಕೆ ತೆಳುವಾಗುತ್ತಿದ್ದ ಮಾಚವ್ವ ಎಲ್ಲಿ ನಿಂತಾಳು? ಈಗಲೇ ಅವಳು ಬಾಗಿಲ ಬಳಿ ಬಂದರೆ ಕೇತಲೆ ಓಡಿಹೋಗಿ ಬಾಗಿಲು ಹಾಕುತ್ತಿದ್ದಳು.

ಹೆಂಡ ಮಾಡಬೇಕಾದವಳು ಈಗ ಕೇತಲೆ.

"ನೀರು ಎಷ್ಟು ಬಿಸಿ ಇರ್ಬೇಕು ಅತ್ತೆ?"

"ಕೈ ಅದ್ದು. ಕೈ ಹೇಳ್ತದೆ."

"ನನ್ನ ಕೈ ಏನೂ ಹೇಳ್ತಿಲ್ವಲ್ಲ. ನೀವೇ ಹೇಳಿ."

ಮಾಚವ್ವ ಹಂಡೆಯೊಳಗೆ ಕೈಯಿಟ್ಟಳು. ಹಬೆ ಅವಳ ಅಂಗೈಯನ್ನು ದಾಟಿಕೊಂಡು ಮೇಲೆ ಹೋಯಿತು. ಅವಳು ತನ್ನ ಕೈಯನ್ನೇ ಬಹಳ ಹೊತ್ತು ನೋಡಿದಳು.

"ನಂಗೊತ್ತಿಲ್ಲ ಕಣೇ," ಎಂದಳು. "ನಲವತ್ತು ವರ್ಷ ಕೈ ಅಂದಾಜಿನಲ್ಲೇ ಮಾಡಿದೆ. ಕೈಗೆ ಗೊತ್ತಿತ್ತು, ನಂಗೆ ಗೊತ್ತಿರಲಿಲ್ಲ. ಈಗ ಕೈಯೇ ಇಲ್ಲ."

ಬೈಗುಳ ತಿನ್ನುವುದು ಕೇತಲೆಗೆ ಅಭ್ಯಾಸವಿತ್ತು, ಇದು ಇರಲಿಲ್ಲ.

ಚೈತ್ರದ ಹುಣ್ಣಿಮೆ ಬಂತು. ಕೇತಲೆ ತನಗೆ ತಿಳಿದಂತೆ ಮಾಡಿದ ಹೆಂಡವನ್ನು ಹೊತ್ತು ಅರಮನೆಗೆ ಹೋದಳು. ಸಭೆಯಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡ ದೊರೆ ನಗುಮುಖದಿಂದ ಕುಳಿತಿದ್ದ. ಪಕ್ಕದಲ್ಲಿ ನುಣ್ಣಪ್ಪಯ್ಯ. ಹೊಳೆಯುವ ಕೆನ್ನೆ, ಸುಕ್ಕಿಲ್ಲದ ಹಣೆ. ಅವನ ಮಾತು ಕೂಡ ಜಾರುತ್ತಿತ್ತು.

"ಬಾ ತಾಯಿ, ಮನೆಮಗಳಿದ್ದಂತೆ ನೀನು," ಎಂದ. "ಮೊದಲು ನಿನ್ನ ಬಟ್ಟಲಿಗೆ ಅರಮನೆಯ ಮರ್ಯಾದೆ ಆಗಲಿ."

ಬಂಗಾರದ ಗಿಂಡಿಯಿಂದ ಹೆಬ್ಬೆರಳಿಗೆ ತುಪ್ಪ ತೆಗೆದುಕೊಂಡು ಬೆಳ್ಳಿ ಬಟ್ಟಲಿನ ಅಂಚಿಗೆಲ್ಲ ಸವರಿದ. ಏಳು ವರ್ಷದಿಂದ ನಡೆದುಬಂದ ಗೌರವ ಅದು. ಜನಕ್ಕೆ ಅದರ ಬಗ್ಗೆ ಬಹಳ ಹೆಮ್ಮೆಯಿತ್ತು. ಬಡವರ ಹೆಂಡಕ್ಕೂ ತುಪ್ಪದ ಮರ್ಯಾದೆ ಮಾಡುವ ಮಂತ್ರಿ ಬೇರೆ ಯಾವ ದೇಶದಲ್ಲಿದ್ದಾನೆ ಎಂದು ಹೇಳಿಕೊಳ್ಳುತ್ತಿದ್ದರು. ಬೇಡವೆಂದರೆ ದೊರೆಗೇ ಅವಮಾನ, ಸಭೆಯಿಂದ ಹೊರಗೆ.

ಕೇತಲೆ ಸುರಿದಳು. ನೊರೆ ಎದ್ದಿತು. ದೊರೆಯ ಕಿವಿಯ ಹತ್ತಿ ತೆಗೆದರು.

"ಮಹಾಸ್ವಾಮಿ, ನಾನು ಕೆರೆಕೋಡಿಯ..."

ನೊರೆ ಚುರ್ರೆಂದು ಇಳಿದುಹೋಯಿತು. ಹತ್ತಿ ಮತ್ತೆ ಕಿವಿಗೆ ಹೋಯಿತು. ಪಾಪ, ಹೆಂಡ ಬಹಳ ತೆಳು, ಎಂದು ನುಣ್ಣಪ್ಪಯ್ಯ ಸಭೆಯ ಕಡೆ ತಿರುಗಿ ಮರುಗಿದ. ಕೇತಲೆಯೂ ಹಾಗೇ ಅಂದುಕೊಂಡಳು.

ಮನೆಗೆ ಬಂದು ಹೇಳಿದಾಗ ಮಾಚವ್ವ, "ಮೈಯಿಲ್ಲದ ಹೆಂಡಕ್ಕೆ ನೊರೆ ಎಲ್ಲಿಂದ ನಿಲ್ತದೆ," ಎಂದಳು. ಬೈಯಲು ಕೂಡ ಅವಳಿಗೆ ಶಕ್ತಿಯಿರಲಿಲ್ಲ. ಕೇತಲೆ ಅವಳನ್ನು ಗಾಳಿಯಾಡದ ಒಳಮನೆಯಲ್ಲಿ ಕೂರಿಸಿ, ಮೇಲೊಂದು ಭಾರದ ಕಂಬಳಿ ಹೊದಿಸಿ, ಕುಟ್ಟಿದ ಕಾಳಿನ ಚೀಲ ಹೊತ್ತು, ಹೆಂಡಕ್ಕೆ ಮೈ ಹುಡುಕಿಕೊಂಡು ಹೊರಟಳು.

ಬಿಸಿಯನ್ನು ತಿಳಿಯಬೇಕಾದರೆ ಬಿಸಿ ಇರುವಲ್ಲಿಗೆ ಹೋಗಬೇಕು ಎಂದು ಅವಳ ಲೆಕ್ಕ. ಮೂರು ದಿನ ನಡೆದು ಉಗಿಗುಡ್ಡ ಸೇರಿದಳು. ಆ ಗುಡ್ಡದ ಮೇಲೆ ಬಂಡೆಗಳು ಉಸಿರಾಡುತ್ತವೆ. ಮೂರು ಬಿಸಿನೀರಿನ ಬುಗ್ಗೆಗಳಿವೆ, ಅವುಗಳ ನಡುವೆ ಒಂದು ಕರಡಿ ಕುಳಿತಿತ್ತು. ಸೊಂಟಕ್ಕೆ ಅಡುಗೆಯವರ ಹಾಗೆ ಒಂದು ಮಾಸಿದ ವಸ್ತ್ರ ಸುತ್ತಿಕೊಂಡಿತ್ತು.

"ಹೆದರ್ಬೇಡ," ಎಂದಿತು ಕರಡಿ. "ನಾನು ಅರಮನೆ ಅಡುಗೆಯವನು, ಸಿಂಗಣ್ಣ ಅಂತ. ಸೌಟು ಯಾರದಪ್ಪ ಚಿನ್ನದ್ದು ಅಂತ ಒಂದು ಮಾತು ಕೇಳಿದೆ, ಹಿಂಗಾದೆ. ನಿಂಗೇನಾಗ್ಬೇಕು?"

ಕೇತಲೆ ಹೇಳಿದಳು. ಕರಡಿ ತಲೆ ಕೆರೆದುಕೊಂಡಿತು.

"ನಿನ್ನ ಕಾಳಿನ ಪುಡೀನ ಬಟ್ಟೆಯಲ್ಲಿ ಕಟ್ಟಿ ಈ ಮೂರು ಬುಗ್ಗೆಯಲ್ಲಿ ನಿಂಗೆ ಸರಿ ಅನ್ನಿಸಿದ್ದರಲ್ಲಿ ಇಳಿಬಿಡು. ನಾನೊಂದು ನಿದ್ದೆ ಮಾಡ್ತೀನಿ. ಗಂಟು ಬಿಟ್ಟು ಕದಲಬಾರ್ದು."

ಕೇತಲೆ ಮೂರಕ್ಕೂ ಬೆರಳು ಅದ್ದಿದಳು. ಮೊದಲನೆಯದು ಕೈಗೆ ಹಿತವಾಗಿತ್ತು, ಸ್ನಾನದ ನೀರಿಗಿಂತ ತುಸು ಜಾಸ್ತಿ. ಎರಡನೆಯದು ಕೊತಕೊತ ಕುದಿಯುತ್ತಿತ್ತು. ಮೂರನೆಯದಕ್ಕೆ ಬೆರಳಿಟ್ಟು ಒಂದು ಎನ್ನುವುದರೊಳಗೆ ಹೊರಗೆಳೆದುಕೊಂಡಳು. ಹಿತವಾಗಿದ್ದದ್ದನ್ನೇ ಆರಿಸಿಕೊಂಡು ಹಗ್ಗ ಹಿಡಿದು ಕುಳಿತಳು. ಕರಡಿ ಎದ್ದು ಬಂದು, ಗಂಟಿನಿಂದ ಇಳಿದ ನೀರನ್ನು ಬೊಗಸೆಯಲ್ಲಿ ತೆಗೆದು ಅವಳಿಗೆ ಕೊಟ್ಟಿತು.

"ಸಿಹಿ ಅಲ್ವಾ?"

"ಸಿಹಿ."

"ಹುದುಗಿಗೂ ಅಷ್ಟೇ ಸಿಹಿ. ಒಂದು ಹನಿ ಬಿಡದಂಗೆ ತಿಂದುಬಿಡ್ತದೆ. ಆಮೇಲೆ ಮಡಕೆಯಲ್ಲಿ ಉಳಿಯೋದು ನೀರು."

ಎರಡನೆಯ ಗಂಟನ್ನು ಕುದಿಯುವ ಬುಗ್ಗೆಗೆ ಇಳಿಬಿಟ್ಟಳು. ಕರಡಿ ಮತ್ತೆ ನಿದ್ದೆ ಮಾಡಿ ಎದ್ದಿತು. ಈ ಸಲ ಬೊಗಸೆಯಲ್ಲಿ ಬಂದದ್ದು ಅಂಟು, ಸಿಹಿಯ ಸುಳಿವಿಲ್ಲ. ಕಾಳು ಸತ್ತಿದೆ ಎಂದಿತು ಕರಡಿ. ಮೂರನೆಯ ಗಂಟು ಮೂರನೆಯ ಬುಗ್ಗೆಗೆ ಹೋಯಿತು. ಹಬೆ ಅವಳ ಕೈಯನ್ನೆಲ್ಲ ಕೆಂಪಗೆ ಮಾಡಿತು, ಬೆರಳ ತುದಿಗೆ ಬೊಬ್ಬೆ ಬಂತು, ಆದರೂ ಹಗ್ಗ ಬಿಡಲಿಲ್ಲ. ಕರಡಿ ಎದ್ದಾಗ ಬೊಗಸೆಯಲ್ಲಿದ್ದುದು ಸಿಹಿಯಾಗಿಯೂ ಇತ್ತು, ನಾಲಿಗೆಯ ಮೇಲೆ ಮಂದವಾಗಿ ಕುಳಿತುಕೊಂಡಿತು ಕೂಡ.

"ಈ ಬಿಸಿಗೆ ಕಾಳು ತನ್ನ ಸಿಹಿಯಲ್ಲಿ ಒಂದು ಪಾಲನ್ನ ಗಂಟು ಹಾಕಿ ಇಟ್ಕೊಳ್ತದೆ," ಎಂದಿತು ಕರಡಿ. "ಆ ಗಂಟು ಹುದುಗಿನ ಹಲ್ಲಿಗೆ ಬಗ್ಗಲ್ಲ. ಅದೇ ನೋಡು ಮೈ. ಬೆರಳು ಇಟ್ಟು ಒಂದು ಅನ್ನೋದ್ರೊಳಗೆ ತೆಗೀಬೇಕು, ಎರಡು ಎಣಿಸೋಕೆ ಆದ್ರೆ ನೀರು ಆರಿದೆ ಅಂತ ತಿಳ್ಕೊ. ಹಂಡೆಗೆ ಕಂಬಳಿ ಸುತ್ತಿ ಹುಲ್ಲಿನೊಳಗೆ ಹೂತಿಡು, ಬಿಸಿ ನಿಲ್ತದೆ."

ವೈಶಾಖದ ಹುಣ್ಣಿಮೆಗೆ ಅವಳು ಹೊತ್ತು ತಂದ ಹೆಂಡ ಬೇರೆಯೇ ಆಗಿತ್ತು. ಬಟ್ಟಲಿಗೆ ಸುರಿಯುವಾಗಲೇ ಸಭೆಯಲ್ಲಿದ್ದವರ ಗಂಟಲು ಅಲ್ಲಾಡಿತು. ನುಣ್ಣಪ್ಪಯ್ಯ ಈ ಸಲ ಎರಡು ಹೆಬ್ಬೆರಳಿನಷ್ಟು ತುಪ್ಪದ ಮರ್ಯಾದೆ ಮಾಡಿದ್ದ. ನೊರೆ ದಪ್ಪಗೆ ಎದ್ದಿತು.

"ಮಹಾಸ್ವಾಮಿ, ನಾನು ಕೆರೆಕೋಡಿಯ ಕೇತಲೆ. ನಮ್ಮತ್ತೆ ಮಾಚವ್ವ ಯುಗಾದಿಗೆ ಹೆಂಡ ತಗೊಂಡು ಉಗ್ರಾಣಕ್ಕೆ ಹೋದಾಗ, ಅಲ್ಲಿ..."

ನೊರೆಯಲ್ಲಿ ತೂತು ಬಿತ್ತು. ತೂತು ಅಗಲವಾಯಿತು. ಬಟ್ಟಲಿನಲ್ಲಿ ಬರಿಯ ಕೆಂಗಂದು ಹೆಂಡ ಉಳಿಯಿತು. ದೊರೆ ಅವಳನ್ನು ಕನಿಕರದಿಂದ ನೋಡಿದ. ಆದರೆ ಕಟ್ಟಳೆ ಕಟ್ಟಳೆಯೇ.

ಮನೆಗೆ ಬಂದರೆ ಕಂಬಳಿಯ ಕೆಳಗೆ ಮಾಚವ್ವ ಇದ್ದಾಳೋ ಇಲ್ಲವೋ ಎಂದು ತಡಕಿ ನೋಡುವಂತಾಗಿತ್ತು. ಕೇತಲೆ ಹೆಂಡದ ಬಟ್ಟಲನ್ನು ಅವಳ ಮುಖದ ಹತ್ತಿರ ಹಿಡಿದಳು. ಕುಡಿಯಲು ಮಾಚವ್ವನಿಗೆ ಆಗುತ್ತಿರಲಿಲ್ಲ, ವಾಸನೆ ಮಾತ್ರ ತಿಳಿಯುತ್ತಿತ್ತು.

"ಮೈ ಬಂದೈತೆ," ಎಂದಳು ಮಾಚವ್ವ, ಕೆರೆಯ ಆಚೆ ದಡದಿಂದ ಮಾತಾಡಿದ ಹಾಗೆ. "ನೊರೆ ಯಾಕೆ ನಿಲ್ಲಲಿಲ್ವೋ ಕಾಣೆ."

ಕೇತಲೆ ಎರಡನೆಯ ಸಲ ಹೊರಟಳು. ನಿಲ್ಲುವುದನ್ನು ಯಾರು ಬಲ್ಲರೋ ಅವರನ್ನು ಕೇಳಬೇಕು. ಮಂಜಿನ ಕೆರೆಯ ದಂಡೆಯಲ್ಲಿ ಗೀಜಗ ಹಕ್ಕಿಗಳ ಒಂದು ಊರೇ ಇತ್ತು. ಆ ಕೆರೆಯಲ್ಲಿ ನೀರಿಲ್ಲ, ಮಂಜೇ ಅಲೆಯಾಡುತ್ತದೆ. ಹಕ್ಕಿಗಳು ಆ ಮಂಜನ್ನು ಎಳೆ ಎಳೆಯಾಗಿ ತೆಗೆದು ಗೂಡು ಹೆಣೆಯುತ್ತವೆ, ಗೂಡುಗಳು ಗಾಳಿಗೆ ತೂಗುತ್ತವೆ, ಹರಿಯುವುದಿಲ್ಲ.

ಹಳದಿ ತಲೆಯ ಒಂದು ಮುದಿ ಗೀಜಗ ಅವಳ ಮಾತು ಕೇಳಿ ಹೇಳಿತು: "ಇಲ್ಲಿ ಮರ ಕಮ್ಮಿ ಕಣವ್ವ. ಒಂದು ಹಗಲು ನೀನು ಮರವಾಗಿ ನಿಂತ್ರೆ, ಹೇಳ್ತೀನಿ."

ಕೇತಲೆ ಸೂರ್ಯ ಹುಟ್ಟುವಾಗ ಎರಡೂ ತೋಳು ಚಾಚಿ ನಿಂತಳು. ಹಕ್ಕಿಗಳು ಬಂದು ಮೊಣಕೈಗೆ ಮಂಜಿನ ಮೊದಲ ಗಂಟು ಹಾಕಿದವು. ಮೂಗು ತುರಿಸಿತು, ಅವಳು ಅಲುಗಲಿಲ್ಲ. ಮಧ್ಯಾಹ್ನಕ್ಕೆ ತೋಳು ತನ್ನದಲ್ಲ ಎನ್ನಿಸಿತು. ಆಮೇಲೆ ಕಾಲಿನ ಬೆರಳುಗಳು ಮಣ್ಣೊಳಗೆ ಇಳಿದ ಹಾಗೆ, ಕೂದಲಲ್ಲಿ ಗಾಳಿ ಓಡಾಡಿದ ಹಾಗೆ, ತನಗೆ ಅತ್ತೆಯೂ ಇಲ್ಲ ಮನೆಯೂ ಇಲ್ಲ, ಬಿಸಿಲು ಕುಡಿಯುವುದೊಂದೇ ಕೆಲಸ ಎನ್ನುವ ಹಾಗೆ ಒಂದು ಸುಖದ ಮಂಪರು ಕವಿಯಿತು. ಹಾಗೇ ಇದ್ದುಬಿಟ್ಟಿದ್ದರೆ ಅವಳು ನಿಜವಾಗಿ ಮರವಾಗಿಬಿಡುತ್ತಿದ್ದಳು; ಆ ದಂಡೆಯಲ್ಲಿದ್ದ ನಾಲ್ಕು ಮರಗಳೂ ಹಾಗೆ ಆದವೇ. ಆದರೆ ಮನೆಯಲ್ಲಿ ಬಾಗಿಲು ಸರಿಯಾಗಿ ಹಾಕಿದೆನೋ ಇಲ್ಲವೋ ಎಂಬ ಯೋಚನೆ ನೆತ್ತಿಯಲ್ಲಿ ಚುಚ್ಚುತ್ತಲೇ ಇತ್ತು. ಅದೇ ಅವಳನ್ನು ಕೇತಲೆಯಾಗಿ ಉಳಿಸಿತು.

ಸೂರ್ಯ ಮುಳುಗಿದಾಗ ಅವಳ ಎರಡು ತೋಳಿನಿಂದಲೂ ಗೂಡುಗಳು ಇಳಿಬಿದ್ದಿದ್ದವು.

"ಗೂಡು ಅಂದ್ರೇನು?" ಎಂದು ಕೇಳಿತು ಮುದಿ ಗೀಜಗ. "ಗಾಳಿಗೆ ಕಟ್ಟಿದ ಗೋಡೆ. ನೊರೆ ಅಂದ್ರೇನು? ಅದೂ ಗಾಳಿಗೆ ಕಟ್ಟಿದ ಗೋಡೆ. ನಾರಿಲ್ದೆ ಗೋಡೆ ನಿಲ್ತದಾ? ನೀನು ಹಾಕೋ ಕಾಳೆಲ್ಲ ಮೊಳಕೆ ಬಂದದ್ದು. ಮೊಳಕೆ ಬರೋವಾಗ ಕಾಳು ತನ್ನ ನಾರಿನಲ್ಲಿ ಬಹಳಷ್ಟನ್ನ ಅದಕ್ಕೇ ಖರ್ಚು ಮಾಡಿರ್ತದೆ. ಹತ್ತು ಹಿಡಿ ಮೊಳಕೆ ಕಾಳಿಗೆ ಎರಡು ಹಿಡಿ ಮೊಳಕೆ ಬರದ ಗೋಧಿ ಕುಟ್ಟಿ ಹಾಕು. ಆ ಗೋಧಿಯ ನಾರು ನೊರೆ ಹೆಣೀತದೆ."

ನೊರೆನಾಡಿನಲ್ಲಿ ಮೊಳಕೆ ಬರದ ಕಾಳನ್ನು ಹೆಂಡಕ್ಕೆ ಹಾಕುವುದೆಂದರೆ ಸೋಮಾರಿ ಹೆಂಗಸಿನ ಲಕ್ಷಣ. ಕೇತಲೆ ಮನೆಗೆ ಬಂದು ಅದನ್ನು ಹೇಳಿದಾಗ ಕಂಬಳಿಯೊಳಗಿನಿಂದ ಮಾಚವ್ವನ ದನಿ ಮೆಲ್ಲಗೆ ಬಂತು.

"ನಾನೂ ಹಾಕ್ತಿದ್ದೆ," ಎಂದಳು. "ಕಾಳು ಆರಿಸುವಾಗ ಮೊಳಕೆ ಬರದವನ್ನ ಎಸೆಯೋಕೆ ಮನಸ್ಸು ಬರ್ತಿರಲಿಲ್ಲ. ಕೈ ಸುಮ್ನೆ ಒಳಕ್ಕೇ ಹಾಕ್ಬಿಡ್ತಿತ್ತು. ಯಾರಿಗೂ ಹೇಳಿರಲಿಲ್ಲ, ನಾಚಿಕೆ."

ಜ್ಯೇಷ್ಠದ ಹುಣ್ಣಿಮೆಗೆ ಎರಡು ದಿನ ಮುಂಚೆ ಹೆಂಡ ತಯಾರಾಯಿತು. ಮಣ್ಣಿನ ಕುಡಿಕೆಗೆ ಸುರಿದು ಪರೀಕ್ಷೆ ಮಾಡಿದಳು. ಹೊತ್ತು ಅಳೆಯಲು ಅವಳಿಗೆ ಗೊತ್ತಿದ್ದ ಅಳತೆ ಒಂದೇ.

"ಅತ್ತೆ, ನನ್ನನ್ನ ಒಂದು ಸಲ ಪೂರ್ತಿ ಬೈಯಿರಿ."

ಮಾಚವ್ವ ಶುರುಮಾಡಿದಳು. ಮದುವೆಯ ವರ್ಷ ಒಡೆದ ಮಡಕೆಯಿಂದ ಹಿಡಿದು ಮೊನ್ನೆ ಸೀದ ಅನ್ನದವರೆಗೆ ಒಂದನ್ನೂ ಬಿಡದೆ, ಕ್ಷೀಣವಾದ ದನಿಯಲ್ಲಿ, ಪ್ರೀತಿಯಿಂದ ಬೈದು ಮುಗಿಸಿದಳು. ನೊರೆ ಕುಡಿಕೆಯ ಮೇಲೆ ಮೊಸರಿನ ಹಾಗೆ ಕುಳಿತೇ ಇತ್ತು.

ಕೇತಲೆಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಒಂದು ಸಂಶಯ ಬಂತು. ಹೋದ ತಿಂಗಳ ಹೆಂಡ ಒಂದು ತಂಬಿಗೆಯಷ್ಟು ಉಳಿದಿತ್ತು, ಅದನ್ನೂ ಕುಡಿಕೆಗೆ ಸುರಿದು ನೋಡಿದಳು. ಅದರ ನೊರೆ ಕೂಡ ಅರ್ಧ ಬೈಗುಳದವರೆಗೆ ನಿಂತಿತು. ಅರಮನೆಯಲ್ಲಿ ಎರಡನೆಯ ಮಾತು ಮುಗಿಯುವವರೆಗೂ ನಿಂತಿರಲಿಲ್ಲ. ಮನೆಯಲ್ಲಿ ನಿಲ್ಲುವ ನೊರೆ ಅರಮನೆಯಲ್ಲಿ ಯಾಕೆ ಬೀಳುತ್ತದೆ?

ಇಷ್ಟು ಹೊತ್ತಿಗೆ ನೀವು ಮೂರನೆಯ ಪ್ರಾಣಿಯನ್ನು ಕಾಯುತ್ತಿರುತ್ತೀರಿ. ಹುಲಿ ಬರಬಹುದು, ಹೆಡೆಯೆತ್ತಿದ ಹಾವು ಬರಬಹುದು ಎಂದು. ಯಾವುದೂ ಬರಲಿಲ್ಲ. ಒಲೆಯ ಮೇಲೆ ತೊಗರಿಬೇಳೆ ಬೇಯುತ್ತಿತ್ತು, ಅಷ್ಟೇ.

ಬೇಳೆಯ ನೊರೆ ಉಕ್ಕಿ ಪಾತ್ರೆಯ ಬಾಯಿಗೆ ಬಂತು. ಕೇತಲೆ ಯೋಚನೆಯಲ್ಲೇ ಕೈ ಚಾಚಿ, ಎಣ್ಣೆ ಕುಡಿಕೆಯಲ್ಲಿ ಬೆರಳದ್ದಿ, ಒಂದು ತೊಟ್ಟು ಬೇಳೆಗೆ ಬಿಟ್ಟಳು. ಉಕ್ಕುತ್ತಿದ್ದ ನೊರೆ ಹೇಳಿದ ಮಾತು ಕೇಳುವ ಮಗುವಿನಂತೆ ಕೆಳಗೆ ಹೋಯಿತು. ಅವ್ವ ಹಾಗೆ ಮಾಡುತ್ತಿದ್ದಳು, ಅತ್ತೆ ಹಾಗೆ ಮಾಡುತ್ತಿದ್ದಳು, ಅವಳೂ ಮದುವೆಯಾದಾಗಿನಿಂದ ಪ್ರತಿದಿನ ಹಾಗೇ ಮಾಡಿಕೊಂಡು ಬಂದಿದ್ದಳು.

ಅವಳು ಬೆರಳಿನ ಜಿಡ್ಡನ್ನೇ ನೋಡುತ್ತ ಒಲೆಯ ಮುಂದೆ ಕುಳಿತುಬಿಟ್ಟಳು.

"ಅತ್ತೆ," ಎಂದಳು. "ಅದು ಮರ್ಯಾದೆ ಅಲ್ಲ. ಆ ತುಪ್ಪ."

ಹುಣ್ಣಿಮೆಯ ಬೆಳಗ್ಗೆ ಕೇತಲೆ ಹೊರಟಾಗ ಮಾಚವ್ವ ತಾನೂ ಬರುತ್ತೇನೆಂದು ಹಟ ಹಿಡಿದಳು. ಆಷಾಢ ಹತ್ತಿರ ಬಂದಿತ್ತು, ಗಾಳಿ ಆಗಲೇ ಹುಣಸೆಮರವನ್ನು ಹಿಡಿದು ಅಲ್ಲಾಡಿಸುತ್ತಿತ್ತು. ಬಿಟ್ಟುಹೋದರೂ ಭಯ, ಕರೆದೊಯ್ದರೂ ಭಯ. ಕೇತಲೆ ಅತ್ತೆಯನ್ನು ಮಗುವನ್ನು ಬೆನ್ನಿಗೆ ಕಟ್ಟಿಕೊಳ್ಳುವ ಹಾಗೆ ಒಂದು ಹಳೆಯ ಸೀರೆಯಲ್ಲಿ ಕಟ್ಟಿಕೊಂಡಳು. ಬೆನ್ನ ಮೇಲೆ ಏನೂ ಇಲ್ಲದಂತೆಯೇ ಇತ್ತು. ದಾರಿಯುದ್ದಕ್ಕೂ ಎರಡು ಹೆಜ್ಜೆಗೊಮ್ಮೆ, "ಇದ್ದೀರಾ?" ಎಂದು ಕೇಳುತ್ತಿದ್ದಳು. "ಇದ್ದೀನಿ ಕಣೇ, ನಡಿ," ಎಂದು ಕಿವಿಯ ಹಿಂದಿನಿಂದ ಗಾಳಿ ಹೇಳುತ್ತಿತ್ತು. ಕೋಟೆ ಬಾಗಿಲು ದಾಟಿದ ಮೇಲೆ ಕೇಳಿದಾಗ ಉತ್ತರ ಬರಲಿಲ್ಲ. ಅವಳು ಸೀರೆಯ ಗಂಟನ್ನು ಇನ್ನಷ್ಟು ಬಿಗಿದುಕೊಂಡು ಸಭೆಗೆ ನಡೆದಳು.

ನುಣ್ಣಪ್ಪಯ್ಯ ತುಪ್ಪದ ಗಿಂಡಿಯನ್ನು ತುಂಬಿಸಿಕೊಂಡೇ ಕಾಯುತ್ತಿದ್ದ.

"ಬಾ ತಾಯಿ. ಮೊದಲು ಮರ್ಯಾದೆ."

"ಆಗಲಿ ಬುದ್ಧಿ," ಎಂದಳು ಕೇತಲೆ. "ಆದ್ರೆ ಬಟ್ಟಲು ಬಹಳ ಮಂಕಾಗಿದೆ. ಇಷ್ಟು ಮಂಕಾದ ಪಾತ್ರೆ ಕಂಡು ಸುಮ್ನಿದ್ರೆ ನಮ್ಮತ್ತೆ ನನ್ನನ್ನ ಮನೆಗೆ ಸೇರಿಸಲ್ಲ."

ಮಡಿಲಿನಿಂದ ಬೂದಿ, ಹುಣಸೆಹಣ್ಣು ತೆಗೆದು ಅಲ್ಲೇ ಕುಳಿತು ಬಟ್ಟಲನ್ನು ತಿಕ್ಕತೊಡಗಿದಳು. ಏಳು ವರ್ಷದ ತುಪ್ಪದ ಜಿಡ್ಡು ಕಪ್ಪಗೆ ಕರಗಿ ಬಂತು. ಕುದಿಯುವ ನೀರು ತರಿಸಿ ಮೂರು ಸಲ ತೊಳೆದು, ಬಟ್ಟೆ ಮುಟ್ಟಿಸದೆ ಬೋರಲು ಹಾಕಿ ಆರಿಸಿದಳು. ಸಭೆಯ ಹೆಂಗಸರು ತಲೆದೂಗಿದರು. ಪಾತ್ರೆ ಬೆಳಗಬೇಡ ಎಂದು ಹೇಳಲು ಯಾವ ಮಂತ್ರಿಗೂ ಬಾಯಿ ಬರುವುದಿಲ್ಲ. ನುಣ್ಣಪ್ಪಯ್ಯ ಹಲ್ಲು ಕಚ್ಚಿಕೊಂಡು, ಹೆಬ್ಬೆರಳ ತುಂಬ ತುಪ್ಪ ತೆಗೆದುಕೊಂಡು ಮುಂದೆ ಬಂದ.

ಆಗ ಕೇತಲೆ ಬಟ್ಟಲನ್ನು ಸೆರಗಿನ ಹಿಂದೆ ಸರಿಸಿ, ಅವನ ಹೆಬ್ಬೆರಳ ಕೆಳಗೆ ತನ್ನ ತಲೆಯನ್ನು ಬಾಗಿಸಿ ಹಿಡಿದಳು.

"ಮರ್ಯಾದೆ ಮನುಷ್ಯರಿಗೆ ಮಾಡಿ ಬುದ್ಧಿ," ಎಂದಳು. "ಅಷ್ಟೂ ತುಪ್ಪ ನನ್ನ ನೆತ್ತಿಗೇ ಇರಲಿ."

ಹೆಬ್ಬೆರಳು ಗಾಳಿಯಲ್ಲಿ ನಿಂತಿತು. ದೊರೆಗೆ ಏನೂ ಕೇಳಿಸುತ್ತಿರಲಿಲ್ಲ, ಕಿವಿಯಲ್ಲಿ ಹತ್ತಿ. ಅವನಿಗೆ ಕಂಡದ್ದಿಷ್ಟು: ಒಬ್ಬ ಹೆಣ್ಣುಮಗಳು ತಲೆ ಬಾಗಿಸಿದ್ದಾಳೆ, ಮಂತ್ರಿ ಹರಸಲು ಹಿಂದೆಮುಂದೆ ನೋಡುತ್ತಿದ್ದಾನೆ. ದೊರೆ ಹುಬ್ಬು ಗಂಟಿಕ್ಕಿ, ಹಚ್ಚು ಎಂದು ಕೈಸನ್ನೆ ಮಾಡಿದ. ದೊರೆಯ ಸನ್ನೆ ಮೀರುವಂತಿಲ್ಲ. ನುಣ್ಣಪ್ಪಯ್ಯ ಅವಳ ನೆತ್ತಿಗೆ ತುಪ್ಪ ಹಚ್ಚಿದ. ಅದು ಹಣೆಯ ಮೇಲೆ, ಕಿವಿಯ ಹಿಂದೆ ಇಳಿಯಿತು. ಕೇತಲೆ ಒರೆಸಿಕೊಳ್ಳದೆ ಎದ್ದು, ಹೆಂಡವನ್ನು ಎತ್ತರದಿಂದ ಸುರಿದಳು.

ನೊರೆ ಎದ್ದಿತು. ಬಟ್ಟಲಿನ ಅಂಚು ದಾಟಿ, ಪೇಟ ಸುತ್ತಿದ ಹಾಗೆ ಸುತ್ತು ಸುತ್ತಾಗಿ ಏರಿ, ನಿಂತಿತು. ಸಭೆಯಲ್ಲಿ ಅಷ್ಟು ಎತ್ತರದ ನೊರೆಯನ್ನು ಕಂಡವರೇ ಇರಲಿಲ್ಲ. ಹತ್ತಿ ತೆಗೆದ ದೊರೆ ಮುಂದಕ್ಕೆ ಬಾಗಿದ.

ಕೇತಲೆ ಹೇಳಿದಳು. ಆತುರಪಡದೆ, ಮೊದಲಿನಿಂದ. ಯುಗಾದಿಯ ಮಡಕೆ, ಉಗ್ರಾಣ, ಕಾವಲವನ ನೆರಳು, ಚಿನ್ನದ ಸೌಟು, ಭರಣಿ, ಅದರ ಬಾಯಿಗೆ ಕಟ್ಟಿದ ಬಟ್ಟೆ, ಬೆಳ್ಳಿ ಬಟ್ಟಲಿನ ತುಪ್ಪ. ನುಣ್ಣಪ್ಪಯ್ಯ ಬಾಯಿ ತೆರೆದ; ಕಟ್ಟಳೆ ನೆನಪಾಗಿ ಕಾವಲವರು ಕತ್ತಿಯ ಹಿಡಿಗೆ ಕೈಯಿಟ್ಟರು. ಅವನು ಮೆಲ್ಲಗೆ ಬಟ್ಟಲಿನ ಕಡೆ ಊದಿದ. ನೊರೆ ಬಳುಕಿತು, ಮತ್ತೆ ನೆಟ್ಟಗಾಯಿತು. ಅವಳು ಒಂದೊಂದು ಮಾತು ಮುಗಿಸಿದಂತೆ ಅವನ ಕೆನ್ನೆಯ ಹೊಳಪು ಒಂದೊಂದು ಪದರ ಇಳಿಯುತ್ತಿತ್ತು. ಕೇತಲೆ ಕೊನೆಯ ಮಾತು ಹೇಳಿ ನಿಲ್ಲಿಸಿದಳು.

ಏನೂ ಆಗಲಿಲ್ಲ. ನೊರೆ ಇನ್ನೂ ಇತ್ತು. ದೊರೆ ಇನ್ನೂ ಕೇಳುತ್ತಿದ್ದ.

"ಮುಗೀತಾ ತಾಯಿ?" ಎಂದ ದೊರೆ.

ಮುಗಿದಿರಲಿಲ್ಲ. ಕತೆಯ ಕೊನೆ ಅಲ್ಲಿರಲಿಲ್ಲ ಎಂದು ಅವಳಿಗೆ ಆಗ ಹೊಳೆಯಿತು. ಕೊನೆ ಎಲ್ಲಿತ್ತೋ ಅಲ್ಲಿಗೆ ಅವಳು ಯಾವತ್ತೂ ಹೋದವಳಲ್ಲ. ಅಲ್ಲಿಗೆ ಬಂದಾಗಲೆಲ್ಲ ಪಾತ್ರೆ ಕುಕ್ಕಿ ಸುಮ್ಮನಾದವಳು.

"ಇಲ್ಲ ಮಹಾಸ್ವಾಮಿ," ಎಂದಳು. "ಗಂಡ ಹೋದ ದಿನ ನಾನು ತವರಿಗೆ ಹೋಗ್ಬೋದಾಗಿತ್ತು. ಯಾಕೆ ಹೋಗ್ಲಿಲ್ಲ ಅಂತ ಅತ್ತೆಯೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವರಿದ್ದ ಮನೆಯೇ ನನ್ನ ಮನೆ, ಅದಕ್ಕೆ. ಕೋಟೆ ಬಾಗಿಲಿಂದ ಇಲ್ಲಿಗೆ ಬರೋವರೆಗೆ ಅವರು ಮಾತಾಡಿಲ್ಲ. ನನಗೆ ಬಹಳ ಭಯ ಆಗ್ತಿದೆ. ನಮ್ಮತ್ತೆ ನನಗೆ ಬೇಕು."

ಉಗ್ರಾಣದ ಕಡೆ ಏನೋ ಒಡೆದ ಸದ್ದಾಯಿತು. ಒಂದು, ಎರಡು, ಆಮೇಲೆ ಸಾಲಾಗಿ ಸಾವಿರ ಭರಣಿಗಳು. ಬೆಳ್ಳನೆಯ ಮಂದವಾದ ಬೆಳಕೊಂದು ಕಿಟಕಿ ಬಾಗಿಲುಗಳಿಂದ ಉಕ್ಕಿ ಊರ ಮೇಲೆಲ್ಲ ಹರಿಯಿತು. ಸಭೆಯಲ್ಲಿ ನಿಂತವರ ಕಾಲ ಬುಡದಲ್ಲಿ ಕಪ್ಪಗೆ, ದಟ್ಟವಾಗಿ ನೆರಳು ಬಿತ್ತು. ನುಣ್ಣಪ್ಪಯ್ಯನ ಸೌಟು ನೀರಾಗಿ ಸೋರಿತು. ಮುನ್ನೂರು ವರ್ಷ ತಿಂದ ಪರರ ಗಟ್ಟಿತನವೆಲ್ಲ ಅವನಿಂದ ಹೊರಟುಹೋದ ಮೇಲೆ ಅವನದೇ ಅಂತ ಉಳಿದದ್ದು ಆರಿದ ಗಂಜಿಯ ಮೇಲಿನ ಪೊರೆಯಷ್ಟು. ಆಷಾಢ ಮುಟ್ಟುವ ಮೊದಲೇ ಬಂದ ಒಂದು ಪುಟ್ಟ ಗಾಳಿ ಅದನ್ನು ಕಿಟಕಿಯಾಚೆ ತೆಗೆದುಕೊಂಡು ಹೋಯಿತು.

ಅಷ್ಟರಲ್ಲಿ ಕೇತಲೆಯ ಬೆನ್ನ ಮೇಲೆ ಏನೋ ಕೂತಿತು. ಮೊದಲು ಒಂದು ಬೆಕ್ಕಿನಷ್ಟು, ಆಮೇಲೆ ಒಂದು ಮೂಟೆಯಷ್ಟು, ಆಮೇಲೆ ಐವತ್ತೆಂಟು ವರ್ಷದ, ಚೆನ್ನಾಗಿ ಉಂಡು ಬೆಳೆದ ಒಬ್ಬ ಹೆಂಗಸಿನಷ್ಟು. ಅವಳ ಮೊಣಕಾಲು ಮಡಿಚಿತು, ಸೀರೆಯ ಗಂಟು ಪರ್ರನೆ ಹರಿಯಿತು, ಇಬ್ಬರೂ ದೊರೆಯ ಮುಂದೆ ಒಬ್ಬರ ಮೇಲೊಬ್ಬರು ಬಿದ್ದರು. ಕೇತಲೆ ಕೆಳಗೆ, ಮಾಚವ್ವ ಮೇಲೆ. ಕೇತಲೆಗೆ ಉಸಿರಾಡಲು ಆಗುತ್ತಿರಲಿಲ್ಲ. ಏಳಲು ಅವಳು ಪ್ರಯತ್ನವನ್ನೂ ಮಾಡಲಿಲ್ಲ. ಹಿಂದಕ್ಕೆ ಕೈಚಾಚಿ ಸಿಕ್ಕಿದ ತೋಳನ್ನು ಹಿಡಿದುಕೊಂಡು ಜೋರಾಗಿ ಅತ್ತಳು, ಅಳುತ್ತಲೇ ನಕ್ಕಳು.

"ಅಯ್ಯೋ, ಸೊಂಟ ಮುರೀತೇನೋ ಹುಡುಗಿದು," ಎಂದಳು ಮಾಚವ್ವ ಗಾಬರಿಯಿಂದ. ಆಮೇಲೆ ಅವಳೂ ಎದ್ದೇಳಲಿಲ್ಲ. ಸೊಸೆಯ ತುಪ್ಪದ ತಲೆಯ ಮೇಲೆ ಕೆನ್ನೆಯಿಟ್ಟು ಹಾಗೇ ಮಲಗಿದಳು. "ಎಲ್ಲ ಕೇಳಿಸ್ತು ಕಣೇ," ಎಂದಳು. "ಬಾಯಿ ಬರ್ತಿರಲಿಲ್ಲ, ಕಿವಿ ಇತ್ತು."

ಉಗಿಗುಡ್ಡದ ಕರಡಿ ಅಡುಗೆಯ ಸಿಂಗಣ್ಣನಾಗಿ ಅರಮನೆಗೆ ಮರಳಿತು. ಮಂಜಿನ ಕೆರೆಯ ದಂಡೆಯ ನಾಲ್ಕು ಮರಗಳು ಆ ಬೆಳಕು ತಾಕಿ ಮೈಮುರಿದು ಮನೆಗೆ ನಡೆದುಹೋದವು, ಗೀಜಗಗಳು ಸ್ವಲ್ಪ ಬೇಸರಪಟ್ಟುಕೊಂಡವು. ಹಾಲಿಗೆ ಕೆನೆ ಕಟ್ಟಿತು, ಗಂಜಿ ಗಟ್ಟಿಯಾಯಿತು. ದೊರೆ ಕಟ್ಟಳೆಯನ್ನು ತೆಗೆಯಲಿಲ್ಲ, ಜನ ಮಾತು ಶುರುಮಾಡಿದರೆ ನಿಲ್ಲಿಸುವುದಿಲ್ಲ ಎಂದು ಅವನಿಗೂ ಗೊತ್ತಿತ್ತು. ಆದರೆ ಬಟ್ಟಲನ್ನು ಬೂದಿ ಹಾಕಿ ಬೆಳಗುವ ಕೆಲಸವನ್ನು ತಾನೇ ವಹಿಸಿಕೊಂಡ. ನೊರೆನಾಡಿನಲ್ಲಿ ಆಮೇಲೆ ಯಾರ ಮಾತೂ ಅರ್ಧಕ್ಕೆ ನಿಲ್ಲಲಿಲ್ಲ. ಕೆರೆಕೋಡಿಯ ಆ ಮನೆಯಲ್ಲಿ ಅತ್ತೆ ಸೊಸೆ, ಗೋಧಿ ಎರಡು ಹಿಡಿಯೋ ಎರಡೂವರೆಯೋ ಎಂದು ಜಗಳವಾಡುತ್ತ, ಒಬ್ಬರಿಗೊಬ್ಬರು ಭಾರವಾಗಿ ಬಹುಕಾಲ ಸುಖವಾಗಿ ಬಾಳಿದರು.